ಸಮುದ್ರದಷ್ಟು ಉಪ್ಪು

ನಮ್ಮ ಮನೆಗೆ ಸಮುದ್ರ ಬಂದದ್ದು ಡಾಕ್ಟರ ಮಾತಿನಿಂದ. ನಮ್ಮವರ ರಕ್ತದ ಒತ್ತಡ ನೋಡಿ ಅವರು ಹೌಹಾರಿ, ಮೊದಲು ಊಟದಲ್ಲಿ ಉಪ್ಪು ಕಡಿಮೆ ಮಾಡಿ ಅಂದರು. ಆಮೇಲೆ ಸಮಾಧಾನಕ್ಕೆಂಬಂತೆ, ಏನಾದರೊಂದು ಹವ್ಯಾಸ ಇಟ್ಟುಕೊಳ್ಳಿ, ಮೀನು ಸಾಕಿದರೂ ಆದೀತು, ಮೀನು ನೋಡುತ್ತ ಕೂತರೆ ಮನಸ್ಸು ತಣ್ಣಗಾಗುತ್ತದೆ ಅಂದರು. ನಮ್ಮವರು ಮೊದಲನೆಯ ಮಾತನ್ನು ಡಾಕ್ಟರ ಮೇಜಿನ ಮೇಲೆಯೇ ಬಿಟ್ಟು ಎರಡನೆಯದನ್ನು ಮಾತ್ರ ಮನೆಗೆ ತಂದರು.

ಯಾಕೆಂದು ನನಗೆ ಗೊತ್ತಿತ್ತು. ಉಪ್ಪು ಕಡಿಮೆಯಾಗಬೇಕಾದರೆ ನಮ್ಮತ್ತೆಗೆ ಒಂದು ಮಾತು ಹೇಳಬೇಕಿತ್ತು. ಮಂಜು ಮುಸುಕಿದ ಬೆಟ್ಟದ ತಿರುವುಗಳಲ್ಲಿ ಬಸ್ಸು ನಡೆಸುವ ಗಂಡಸು, ಹೆತ್ತ ತಾಯಿಯ ಎದುರು ಊಟಕ್ಕೆ ಕೂತಾಗ ಮಾತ್ರ ಗಟಗಟ ನೀರು ಕುಡಿದು ಸುಮ್ಮನೆ ಎದ್ದುಹೋಗುತ್ತಿದ್ದರು.

ಅತ್ತೆ ಬಾಟಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವರಾಗಿದ್ದವರು. ಕುಲುಮೆಯ ಎದುರು ಬೆವರಿಳಿಸಿ ಬರುವ ನೂರಾರು ಜನಕ್ಕೆ ಬೇಯಿಸಿ ಹಾಕಿದ ಕೈ ಅದು. ಚಮಚ, ಅಳತೆ ಅಂದರೆ ಅವರಿಗೆ ಆಗದು. ಹಂಡೆಯಂಥ ಪಾತ್ರೆಗೆ ಮುಷ್ಟಿಯಲ್ಲಿ ಉಪ್ಪು ಬೀಸಿ, ಸೌಟಿನ ತುದಿಯಿಂದ ಒಂದು ಹನಿಯನ್ನು ಅಂಗೈಗೆ ಬಿಟ್ಟು ನೆಕ್ಕಿದರೆ ಮುಗಿಯಿತು. ಕೈಕೆಳಗಿನವರು ಉಪ್ಪಿನ ಹದ ತಪ್ಪಿಸಿದರೆ ಬೈಯುತ್ತಿರಲಿಲ್ಲವಂತೆ. ಅವರು ಅತ್ತ ಹೋದಾಗ ಸದ್ದಿಲ್ಲದೆ ಪಾತ್ರೆ ಸರಿಮಾಡಿ, ಏನೂ ಆಗಿಲ್ಲವೆಂಬಂತೆ ಮುಚ್ಚಳ ಮುಚ್ಚಿಬಿಡುತ್ತಿದ್ದರಂತೆ.

"ನಾಲ್ಕು ಜನರೆದುರು ಅವರ ಮುಖ ಯಾಕೆ ಬಾಡಿಸ್ಬೇಕು? ಸರಿ ಮಾಡಿದ್ರೆ ಆಯ್ತಲ್ಲ" ಎಂದು ಈಗಲೂ ಹೇಳುತ್ತಾರೆ.

ಈ ಗುಣ ಮಗನಿಗೆ ಹಾಗೆಯೇ ಇಳಿದುಬಂದಿದೆ. ನನಗೆ ಬಂದಿಲ್ಲ, ನಾನು ಹೊರಗಿನಿಂದ ಬಂದವಳು. ಕನ್ನಡಕದ ಅಂಗಡಿಯಲ್ಲಿ ಗಾಜು ತೀಡುವ ಕೆಲಸ ನನ್ನದು. ದಿನವಿಡೀ ಕೂದಲೆಳೆಯಷ್ಟು ತಪ್ಪನ್ನು ಹುಡುಕಿ ಹುಡುಕಿ, ಮನೆಗೆ ಬಂದ ಮೇಲೂ ಆ ಚಟ ಬಿಡುವುದಿಲ್ಲ. ಸೊಸೆಯ ಬಾಯಿ ಕತ್ತರಿ ಎಂದು ಅತ್ತೆ ನೆರೆಮನೆಯವರ ಮುಂದೆ ನಗುತ್ತಲೇ ಹೇಳುತ್ತಿದ್ದರು. ನಾನೂ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಹೋದ ವರ್ಷ ಅತ್ತೆಗೆ ಕೆಟ್ಟ ಜ್ವರ ಬಂದು ವಾರಗಟ್ಟಲೆ ಮಲಗಿದರು. ಎದ್ದು ಅಡುಗೆಮನೆಗೆ ಬಂದ ದಿನ ಮಾಡಿದ ಸೂಪನ್ನು ಬಾಯಿಗಿಟ್ಟವಳೇ ನಾನು ಚಮಚ ಕೆಳಗಿಟ್ಟೆ. ಉಪ್ಪೆಂದರೆ ಉಪ್ಪು, ಗಂಟಲು ಕಿತ್ತುಬರುವಂಥ ಉಪ್ಪು. ಏನೋ ಅನ್ನಲು ಬಾಯಿ ತೆರೆದೆ. ಮೇಜಿನಾಚೆಯಿಂದ ನಮ್ಮವರು ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿ, "ಚೆನ್ನಾಗಿದೆ ಅಮ್ಮಾ" ಅಂದುಬಿಟ್ಟರು. ಅತ್ತೆ ಮಗನ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ.

"ಜ್ವರದಿಂದ ಎದ್ದಿದ್ದಾಳೆ, ನಾಲಿಗೆ ಇನ್ನೂ ಸರಿಹೋಗಿಲ್ಲ. ಸ್ವಲ್ಪ ದಿನ ತಡ್ಕೋ" ಎಂದು ನಮ್ಮವರು ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು.

ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಅತ್ತೆ ನೋಡದಾಗ ಬೆಂದ ತರಕಾರಿಯನ್ನು ನಲ್ಲಿಯ ಕೆಳಗೆ ತೊಳೆದು ಮತ್ತೆ ಪಾತ್ರೆಗೆ ಹಾಕುವ ಕಳ್ಳಿಯಾದೆ ನಾನು. ನಮ್ಮವರ ಕಾಲು ಊದತೊಡಗಿತು. ಶೂ ಬಿಚ್ಚಿದರೆ ಕಾಲುಚೀಲದ ಗೆರೆ ಮಾಂಸದಲ್ಲಿ ಕಂತಿರುತ್ತಿತ್ತು. ಡ್ರೈವರುಗಳಿಗೆ ವರ್ಷಕ್ಕೊಮ್ಮೆ ತಪಾಸಣೆ ಇದೆ, ಒತ್ತಡ ಹೀಗೇ ಏರಿದರೆ ಸ್ಟಿಯರಿಂಗಿನಿಂದ ಇಳಿಸುತ್ತಾರೆ. ಇಳಿಸಿದರೆ ಇಳಿಸಲಿ, ಅದಕ್ಕೂ ಮೊದಲೇ ಬಸ್ಸಿನ ತುಂಬ ಜನ ಇರುವಾಗ ಎಲ್ಲಾದರೂ ಕಣ್ಣು ಕತ್ತಲೆ ಬಂದರೆ ಎಂದು ನೆನೆಸಿಕೊಂಡು ನಾನು ಅವರು ಬರುವ ಹೊತ್ತಿಗೆ ಬಾಗಿಲಲ್ಲೇ ನಿಂತಿರುತ್ತಿದ್ದೆ.

"ಹೇಳಿಬಿಡಿ. ಇಲ್ಲಾಂದ್ರೆ ನಾನೇ ಹೇಳ್ತೀನಿ" ಎಂದು ಎಷ್ಟೋ ಸಲ ಎಗರಾಡಿದ್ದೇನೆ.

"ಅವಳ ಹತ್ರ ಉಳಿದಿರೋದು ಅದೊಂದೇ ಕಣೆ. ಅದನ್ನೂ ಕಿತ್ಕೋಬೇಡ" ಅನ್ನುತ್ತಿದ್ದರು ಅವರು. ಅಷ್ಟು ಮೆತ್ತಗೆ ಹೇಳಿದರೆ ಯಾರು ತಾನೇ ಜಗಳ ಆಡುತ್ತಾರೆ. ನನ್ನ ಬಾಯಿಗೆ ಬೀಗ ಬೀಳುತ್ತಿತ್ತು.

ಮೀನೇ ಬೇಕೆಂದಿದ್ದರೆ ಎಲ್ಲರಂತೆ ಒಂದು ಗಾಜಿನ ಬುಂಡೆ, ಎರಡು ಸಿಹಿನೀರಿನ ಮೀನು ತಂದು ಮುಗಿಸಬಹುದಿತ್ತು. ಆದರೆ ನಮ್ಮವರು ಅಂಗಡಿಯಲ್ಲಿ ಹವಳದ ತೊಟ್ಟಿ ನೋಡಿಬಂದಿದ್ದರು. ಉಪ್ಪುನೀರು, ಜೀವಂತ ಹವಳ, ಅದರ ನಡುವೆ ಕಿತ್ತಳೆ ಬಣ್ಣದ ಮೀನು. ಅಂಗಡಿಯವನಿಗೆ ನಾನು ಸಾವಕಾಶ ಎಂದು ಹೆಸರಿಟ್ಟಿದ್ದೆ. ಏನು ಕೇಳಿದರೂ ಅವನ ಬಾಯಿಂದ ಮೊದಲು ಬರುತ್ತಿದ್ದ ಮಾತು ಅದೇ. ಮೀನು ಇವತ್ತೇ ಒಯ್ಯಬಹುದೇ? ಸಾವಕಾಶ ಸಾರ್. ಹವಳ? ಅದು ಇನ್ನೂ ಸಾವಕಾಶ. ಅಂಗಡಿ ಇಟ್ಟುಕೊಂಡು ಗಿರಾಕಿಗೆ ಸಾಮಾನು ಮಾರದ ಮನುಷ್ಯನನ್ನು ನಾನು ಅವತ್ತೇ ನೋಡಿದ್ದು.

ಹಾಲಿನ ಕಿಟಕಿಯ ಪಕ್ಕದ ಗೋಡೆಗೆ ಕಬ್ಬಿಣದ ಮೇಜು ಬಂತು. ಅದರ ಮೇಲೆ ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಬಿಳಿ ಮರಳು, ತೂತುತೂತಾದ ಕಲ್ಲುಗಳು. ನೀರನ್ನು ಅಲೆಯಂತೆ ತಳ್ಳುವ ಪಂಪು ಹಗಲಿರುಳು ಗೊಂಯ್ ಎನ್ನತೊಡಗಿತು. ಬಕೆಟ್ಟಿನಲ್ಲಿ ನೀರಿಗೆ ಸಮುದ್ರದ ಉಪ್ಪಿನ ಪುಡಿ ಕಲಸಿ, ಮರದ ಕೋಲಿನಿಂದ ತಿರುವುತ್ತ ನಮ್ಮವರು ಮಕ್ಕಳಂತೆ ಹಿಗ್ಗುತ್ತಿದ್ದರು. ಎಲ್ಲ ತುಂಬಿಸಿ ದೀಪ ಹಾಕಿ, ನಮ್ಮಿಬ್ಬರನ್ನೂ ಕರೆದು ಕುರ್ಚಿ ಹಾಕಿ ಕೂರಿಸಿದರು.

"ಮೀನೆಲ್ಲೋ?" ಎಂದು ಅತ್ತೆ ಕೇಳಿದರು.

"ಈಗಲೇ ಇಲ್ಲಮ್ಮ. ಈ ಕಲ್ಲಿನೊಳಗೆ ಕಣ್ಣಿಗೆ ಕಾಣದ ಜೀವಿಗಳು ಬೆಳೀಬೇಕು. ಮೀನಿನ ಹೊಲಸನ್ನ ತಿಂದು ನೀರು ಶುದ್ಧ ಮಾಡೋದು ಅವೇ. ಅವಿಲ್ದೆ ಮೀನು ಬಿಟ್ರೆ ತನ್ನ ವಿಷದಲ್ಲೇ ಸತ್ಹೋಗುತ್ತೆ."

"ಅಲ್ಲಿವರೆಗೆ?"

"ಕಾಯೋದು."

ಕಾದೆವು. ಕೆಲಸದಿಂದ ಬಂದವರು ಚಹಾದ ಲೋಟ ಹಿಡಿದು ಆ ಬರೀ ಕಲ್ಲುಗಳೆದುರು ಕೂರುತ್ತಿದ್ದರು. ಕಲ್ಲಿಗೆ ಸ್ನಾನ ಮಾಡಿಸೋ ಗಂಡ ನನಗೊಬ್ಬಳಿಗೇ ಸಿಕ್ಕಿದ್ದು ಎಂದು ಅಂಗಡಿಯಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಕೆಲವು ವಾರ ಕಳೆದ ಮೇಲೆ ಮರಳಿನ ಮೇಲೆ ತುಕ್ಕಿನ ಬಣ್ಣದ ಪಾಚಿ ಹಬ್ಬಿ ತೊಟ್ಟಿ ನೋಡಲು ಅಸಹ್ಯವಾಯಿತು. ಎಲ್ಲ ಕೆಟ್ಟುಹೋಯಿತೆಂದು ನಾನು ಮೂಗು ಮುರಿದರೆ, ಇದು ಒಳ್ಳೇ ಲಕ್ಷಣ ಎಂದನಂತೆ ಸಾವಕಾಶ. ತಿಂಗಳು ದಾಟಿದ ಮೇಲೆ ಕೊನೆಗೂ ಅವನೇ ಫೋನು ಮಾಡಿ ಬನ್ನಿ ಎಂದ.

ಬಿಳಿ ಪಟ್ಟಿಯ ಎರಡು ಕಿತ್ತಳೆ ಮೀನು ಬಂದವು. ಬಿಳಿ ಮೀಸೆಯ ಒಂದು ಕೆಂಪು ಸೀಗಡಿ ಬಂತು. ಆಮೇಲೆ ಒಂದು ಚೂರು ಕಲ್ಲಿಗಂಟಿದ ಹವಳ, ಹಸಿರು ಕೋಟುಗುಂಡಿಗಳನ್ನು ಒತ್ತೊತ್ತಾಗಿ ಹೊಲಿದಿಟ್ಟಂತೆ. ದೀಪ ಹೊತ್ತಿದೊಡನೆ ಆ ಗುಂಡಿಗಳೆಲ್ಲ ಅರಳಿಕೊಳ್ಳುತ್ತಿದ್ದವು. ನಾನು ಚೇಷ್ಟೆ ಬಿಟ್ಟು ಸುಮ್ಮನೆ ನೋಡತೊಡಗಿದೆ. ಅತ್ತೆಗೆ ಸೀಗಡಿಯ ಮೇಲೆ ಪ್ರೀತಿ. ಅದು ಕಲ್ಲು ಕಲ್ಲಿಗೂ ಹೋಗಿ ಮೀಸೆಯಾಡಿಸಿ, ಬಿದ್ದ ಕಾಳನ್ನೆಲ್ಲ ಹೆಕ್ಕುವುದನ್ನು ನೋಡಿ ಅದಕ್ಕೆ ಮೇಲ್ವಿಚಾರಕ ಎಂದು ಹೆಸರಿಟ್ಟರು. "ನಮ್ಮ ಕ್ಯಾಂಟೀನಿಗೂ ಹೀಗೇ ಒಬ್ಬ ಬರ್ತಿದ್ದ, ಥೇಟು ಇದೇ ಮೀಸೆ" ಎಂದು ಅವರು ನಕ್ಕಾಗ ನಾವೂ ನಕ್ಕೆವು. ಜ್ವರ ಬಂದ ಮೇಲೆ ಅವರು ಹಾಗೆ ನಕ್ಕಿರಲಿಲ್ಲ. ನಮ್ಮವರ ಹೆಗಲು ಇಳಿದದ್ದು, ಉಸಿರು ಸಾವಧಾನವಾದದ್ದು ನನ್ನ ಕಣ್ಣಿಗೆ ಬಿತ್ತು. ಡಾಕ್ಟರು ಹೇಳಿದ್ದರಲ್ಲಿ ಅರ್ಧವಾದರೂ ನಿಜವಿರಬೇಕು ಅಂದುಕೊಂಡೆ.

ಉಪ್ಪು ನೋಡಲು ಒಂದು ಪುಟ್ಟ ದುರ್ಬೀನು ಕೊಟ್ಟಿದ್ದ ಸಾವಕಾಶ. ಅದರ ಓರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದರೆ, ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಕೂಡುವ ಗೆರೆ ಎಲ್ಲಿ ನಿಲ್ಲುತ್ತದೋ ಅಷ್ಟು ಉಪ್ಪು. ಗಾಜಿನ ಕೆಲಸ ನನಗೆ ಗೊತ್ತಿದ್ದರಿಂದ ಆ ಯಂತ್ರ ನನಗೆ ತುಂಬ ಹಿಡಿಸಿತು. ಅತ್ತೆಗೆ ಹಿಡಿಸಲಿಲ್ಲ.

"ಉಪ್ಪು ನೋಡೋಕೆ ಕಣ್ಣಾ? ನಾಲಿಗೆ ಇರೋದು ಯಾತಕ್ಕೆ?" ಎಂದು ತೊಟ್ಟಿಗೆ ಬೆರಳದ್ದಿ ಬಾಯಿಗಿಟ್ಟರು. ಕಣ್ಣು ಮುಚ್ಚಿ ಚಪ್ಪರಿಸಿದರು. "ಇದು ಸೂಪಿಗೆ ಸರಿ ಕಣೋ, ಸಮುದ್ರಕ್ಕೆ ಸಾಲದು."

ನಾನು ಮತ್ತು ನಮ್ಮವರು ಮುಖ ಮುಖ ನೋಡಿಕೊಂಡೆವು.

"ನಿಮ್ಮಪ್ಪನ ಜೊತೆ ಸಮುದ್ರಕ್ಕೆ ಹೋಗಿದ್ದೆ, ನೀನಿನ್ನೂ ಹುಟ್ಟಿರ್ಲಿಲ್ಲ. ಒಂದು ಅಲೆ ಬಂದು ಕೆಡವಿ ಹಾಕ್ತು. ಎರಡು ಗುಟುಕು ಹೊಟ್ಟೆಗೆ ಹೋಯ್ತು ನೋಡು, ಅಬ್ಬಾ! ಆ ರುಚಿ ಇನ್ನೂ ನೆನಪಿದೆ. ಇದು ಅದಲ್ಲ."

ಇಲ್ಲಮ್ಮ, ಸರಿಯಾಗಿದೆ, ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಅಲ್ಲೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮವರಿಗೆ ಒಂದೇ ಮಾತು ಅಭ್ಯಾಸ. "ಹೌದಾ ಅಮ್ಮಾ? ಇನ್ನೊಂಚೂರು ಹಾಕ್ತೀನಿ ಬಿಡು" ಅಂದರು.

ಹಾಕಲಿಲ್ಲ, ಹಾಕುವ ಹಾಗೂ ಇರಲಿಲ್ಲ. ಅದರ ಬದಲು ದಿನವೂ ಒಂದು ಲೋಟ ಸಾದಾ ನೀರು ಹಾಕುತ್ತಿದ್ದರು. ತೊಟ್ಟಿಯಿಂದ ಆರಿಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ, ಹಾಗಾಗಿ ಕಡಿಮೆಯಾದಷ್ಟು ಸಪ್ಪೆ ನೀರನ್ನೇ ತುಂಬಬೇಕು. ಗಾಜಿನ ಮೇಲೆ ಕಪ್ಪು ಗೆರೆ ಎಳೆದು ನನಗೂ ಅದನ್ನು ಹೇಳಿಕೊಟ್ಟಿದ್ದರು. ಅತ್ತೆ ಇದನ್ನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದರು. ಪಾತ್ರೆಗೆ ನೀರು ಹೊಯ್ದರೆ ಉಪ್ಪೂ ಬೀಳಬೇಕು, ಜೀವಮಾನವೆಲ್ಲ ಅವರು ಮಾಡಿದ್ದು ಅದನ್ನೇ. ಮಗ ದಿನಾ ನೀರು ಹೊಯ್ಯುತ್ತಾನೆ, ಉಪ್ಪು ಹಾಕುತ್ತೇನೆಂದವನು ಮರೆತಿದ್ದಾನೆ. ಅವನ ಮುಖ ಬಾಡಿಸುವುದೇಕೆ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟೇ. ನಮ್ಮವರು ಬೆಳಿಗ್ಗೆ ಬೇಗ ಏಳತೊಡಗಿದರು. ನಾನು ಕಣ್ಣುಜ್ಜಿಕೊಂಡು ಬರುವಷ್ಟರಲ್ಲಿ ಬಕೆಟ್ಟು ಹಿಡಿದು ತೊಟ್ಟಿಯ ನೀರು ತೆಗೆದು ಬಚ್ಚಲಿಗೆ ಸುರಿದು, ಬೇರೆ ನೀರು ತುಂಬಿಸುತ್ತಿರುತ್ತಿದ್ದರು. ಇಷ್ಟು ಚಾಕರಿ ನನಗೆ ಯಾವತ್ತಾದರೂ ಮಾಡಿದ್ದೀರಾ ಎಂದು ನಾನು ಕುಟುಕುತ್ತಿದ್ದೆ. ಅವರು ಒಣ ನಗೆ ನಕ್ಕು ಮತ್ತೆ ಬಕೆಟ್ಟು ಎತ್ತುತ್ತಿದ್ದರು. ಊದಿದ ಕಾಲಿನಲ್ಲಿ ಆ ಭಾರ ಹೊರುವುದನ್ನು ನೋಡಲಾಗದೆ ಒಮ್ಮೊಮ್ಮೆ ನಾನೇ ಬಕೆಟ್ಟು ಕಸಿದುಕೊಳ್ಳುತ್ತಿದ್ದೆ.

ಆಮೇಲೆ ಅವರನ್ನು ದೂರದ ಮಾರ್ಗಕ್ಕೆ ಹಾಕಿದರು. ರಜೆ ಹಾಕಿದವನೊಬ್ಬನ ಬದಲಿಗೆ, ವಾರ ಪೂರ್ತಿ ಮನೆಗೆ ಬರುವ ಹಾಗಿಲ್ಲ. ಹೊರಡುವಾಗ ತೊಟ್ಟಿಯ ಮುಂದೆ ನಿಂತು ಏನೋ ಹೇಳಲು ಹೋಗಿ, ಅಡುಗೆಮನೆಯತ್ತ ನೋಡಿ, "ಗೆರೆವರೆಗೆ ಸಾದಾ ನೀರು ಹಾಕು, ಅಷ್ಟೇ" ಎಂದು ಚೀಲ ಎತ್ತಿಕೊಂಡು ಹೋದರು.

ಅವರು ಹೋದ ಮೇಲೆ ಹಸಿರು ಗುಂಡಿಗಳು ಅರಳುವುದನ್ನು ನಿಲ್ಲಿಸಿದವು. ಮೀನುಗಳು ಮೂಲೆ ಹಿಡಿದು ಕಿವಿರು ಬಡಿಯತೊಡಗಿದವು. ಯಾಕೋ ಮಂಕಾಗಿವೆ ಎಂದು ನಾನು ಹೇಳಿದಾಗ ಅತ್ತೆಯ ಮುಖದಲ್ಲಿ ಕಳವಳ ಕಂಡಿತು. ಮರುದಿನ ಸಂಜೆ ಕೆಲಸದಿಂದ ಬಂದು ಬಾಗಿಲು ತೆಗೆದಾಗ ಅವರು ತೊಟ್ಟಿಯ ಪಕ್ಕದಲ್ಲಿ ದೊಡ್ಡ ಬಟ್ಟಲು ಹಿಡಿದು ನಿಂತಿದ್ದರು. ಬಟ್ಟಲಿನಲ್ಲಿದ್ದ ನೀರನ್ನು ಬೆರಳಿಂದ ಕಲಕಿ, ಅಂಚಿನಿಂದ ಮೆಲ್ಲಗೆ ತೊಟ್ಟಿಗೆ ಇಳಿಸುತ್ತಿದ್ದರು. ಎಷ್ಟು ಜೋಪಾನವಾಗಿ ಎಂದರೆ, ಒಂದು ಹನಿ ಸದ್ದಿಲ್ಲ. ನನ್ನನ್ನು ನೋಡಿ ಬಟ್ಟಲನ್ನು ಸೆರಗಿನ ಮರೆಗೆ ಸರಿಸಿ ಒಳಗೆ ನಡೆದರು. ಅಡುಗೆಮನೆಯ ಕಸದ ಡಬ್ಬಿಯಲ್ಲಿ ಊಟದ ಉಪ್ಪಿನ ಪೊಟ್ಟಣ ಇತ್ತು, ಪೂರ್ತಿ ಖಾಲಿ.

ದುರ್ಬೀನಿಗೆ ಹನಿ ಬಿಟ್ಟು ನೋಡಿದರೆ ನೀಲಿಯೆಂಬುದೇ ಉಳಿದಿರಲಿಲ್ಲ. ಗೆರೆ ಅಳತೆಯ ತುದಿ ಮುಟ್ಟಿತ್ತು. ಮೇಲ್ವಿಚಾರಕ ಕಲ್ಲಿನ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದ, ಮೀಸೆ ಮಾತ್ರ ಪಂಪಿನ ಅಲೆಗೆ ಅತ್ತಿತ್ತ ಆಡುತ್ತಿತ್ತು.

ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ನಮ್ಮವರಿಗೆ ಫೋನು ಮಾಡಿದೆ.

"ಅತ್ತೆ ತೊಟ್ಟಿಗೆ ಉಪ್ಪು ಸುರೀತಿದ್ದಾರೆ. ಅಡುಗೆ ಉಪ್ಪು!"

ಆ ಕಡೆ ಬಸ್ ನಿಲ್ದಾಣದ ಗದ್ದಲ ಕೇಳುತ್ತಿತ್ತು.

"ಗೊತ್ತು" ಅಂದರು.

"ಏನು ಗೊತ್ತು?"

"ಮೊದಲ ವಾರದಿಂದ್ಲೂ ಗೊತ್ತು. ಅದಕ್ಕೇ ದಿನಾ ನೀರು ತೆಗೀತಿದ್ದೆ. ಅವಳು ಹಾಕಿದಷ್ಟನ್ನ ಬೆಳಿಗ್ಗೆ ತೆಗೆದ್ರೆ ಸರಿಹೋಗ್ತಿತ್ತು."

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಸಿಟ್ಟು ಎಲ್ಲಿಂದ ಬಂತೋ, ಅಳುವೂ ಅದರ ಜೊತೆಗೇ ಬಂತು. "ಮೀನಿನ ನೀರು ನೀವು ಬದಲಾಯಿಸಿದ್ರಿ. ನಿಮ್ಮ ಮೈಯೊಳಗಿರೋ ಉಪ್ಪನ್ನ ಯಾರು ತೆಗೀತಾರೆ? ನಾನು ಯಾವ ಬಕೆಟ್ಟು ತರ್ಲಿ?"

ಅವರು ನೀರು ಎಷ್ಟು ತೆಗೆಯಬೇಕು, ಎಷ್ಟು ನಿಧಾನವಾಗಿ ತುಂಬಬೇಕು ಎಂದು ಹೇಳಿದರು. ಕೊನೆಗೆ, "ಅಮ್ಮಂಗೆ ಹೇಳ್ಬೇಡ. ನನ್ನಾಣೆ" ಅಂದರು.

ಹೇಳಿದಂತೆಯೇ ಮಾಡಿದೆ. ಬೆಳಿಗ್ಗೆ ಎದ್ದು ನೋಡಿದರೆ ಒಂದು ಮೀನು ಮೇಲೆ ತೇಲುತ್ತಿತ್ತು. ಇನ್ನೊಂದು ನಾನು ಕೆಲಸದಿಂದ ಬರುವಷ್ಟರಲ್ಲಿ ಸತ್ತಿತ್ತು. ಹವಳದ ಗುಂಡಿಗಳು ಕೊಳೆತು ನೀರಿನಲ್ಲಿ ಎಳೆಎಳೆಯಾಗಿ ಬಿಚ್ಚಿಕೊಂಡವು. ಹಾಲಿನ ತುಂಬ ಕೆಟ್ಟ ವಾಸನೆ ಅಡರಿತ್ತು. ಅದರ ನಡುವೆ ಅತ್ತೆ ಕೂತು, "ಎಷ್ಟು ಚೆನ್ನಾಗಿದ್ವಲ್ಲೇ, ಏನಾಯ್ತು ಇವಕ್ಕೆ" ಎಂದು ಹಲುಬುತ್ತಿದ್ದರು. ಆ ವಾಸನೆ ಅವರಿಗೆ ಬಂದಂತೆಯೇ ಕಾಣಲಿಲ್ಲ. ಹೇಳಬೇಕಾದ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದು ನಿಂತಿತ್ತು. ಆಣೆಯ ನೆನಪಾಗಿ ನುಂಗಿಕೊಂಡೆ.

ನಮ್ಮವರು ವಾರದ ಕೊನೆಗೆ ಬಂದರು. ಚೀಲ ಇಟ್ಟವರೇ ತೋಳು ಮಡಚಿ ತೊಟ್ಟಿಯನ್ನು ಬರಿದು ಮಾಡಿದರು. ಕಲ್ಲು, ಮರಳಿಗೆ ಹತ್ತಿದ ಕೊಳೆ ಬಿಡಲೆಂದು ನಲ್ಲಿಗೆ ಕೊಳವೆ ಸಿಕ್ಕಿಸಿ ಬರೀ ನೀರು ತುಂಬಿಸಿ, ಪಂಪು ಹಚ್ಚಿಟ್ಟರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಆಲೂಗಡ್ಡೆ ಸುಲಿಯುತ್ತ ನೋಡುತ್ತಿದ್ದರು.

"ತಪ್ಪು ನಂದೇ ಅಮ್ಮಾ. ಹೊಸಬ ನೋಡು, ಏನೋ ಎಡವಟ್ಟು ಮಾಡ್ದೆ. ನನ್ನ ಕೈಗುಣವೇ ಇಷ್ಟು" ಎಂದು ಅವರು ಕೇಳದೆಯೇ ಹೇಳಿದರು. ಅತ್ತೆ ಸುಲಿದ ಗಡ್ಡೆಯನ್ನು ಪಾತ್ರೆಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡರು.

ಊಟಕ್ಕೆ ಕೂತೆವು. ಆಲೂಗಡ್ಡೆಯ ಸೂಪು. ನಮ್ಮವರು ಒಂದು ಚಮಚ ಬಾಯಿಗಿಟ್ಟು, ನುಂಗಿ, ಲೋಟಕ್ಕೆ ಕೈಹಾಕಿದರು. "ಚೆನ್ನಾಗಿದೆ ಅಮ್ಮಾ."

ಅತ್ತೆ ಕೂರಲಿಲ್ಲ. ಸೌಟು ಕೆಳಗಿಟ್ಟು ತೊಟ್ಟಿಯ ಹತ್ತಿರ ಹೋದರು. ಬೆರಳದ್ದಿ ಬಾಯಿಗಿಟ್ಟರು. ಇನ್ನೊಮ್ಮೆ ಅದ್ದಿದರು.

"ಬಾರೋ ಇಲ್ಲಿ. ಈಗ ಉಪ್ಪು ಸರಿಯಿದೆ ಅಲ್ವಾ?"

ನಮ್ಮವರು ಎದ್ದು ಹೋಗಿ ಪಕ್ಕದಲ್ಲಿ ನಿಂತರು. ಅವರೂ ಬೆರಳು ಅದ್ದಿ ನೆಕ್ಕಿದರು. "ಹೂಂ ಅಮ್ಮಾ, ಈಗ ಸರಿಯಾಗಿದೆ."

"ಸಮುದ್ರದಷ್ಟೇ ಇದೆಯಾ?"

"ಸಮುದ್ರದಷ್ಟೇ ಇದೆ."

ಅತ್ತೆ ಮಗನನ್ನು ದಿಟ್ಟಿಸಿ ನೋಡಿದರು. "ನಲ್ಲಿ ನೀರು ಕಣೋ ಅದು. ಕೊಳವೆ ಹಾಕಿ ನೀನು ತುಂಬಿಸಿದ್ದನ್ನ ನಾನೇ ನೋಡಿದ್ದೀನಿ."

ಪಂಪು ಗೊಂಯ್ ಎನ್ನುತ್ತಿತ್ತು. ನಮ್ಮವರು ಒದ್ದೆ ಬೆರಳನ್ನು ಹಾಗೇ ಹಿಡಿದು ನಿಂತಿದ್ದರು.

"ಮೀನುಗಳನ್ನ ಕೊಂದಿದ್ದು ನಾನು, ಅಲ್ವಾ?"

ಅವರು ಇಲ್ಲ ಅನ್ನಲಿಲ್ಲ. ಸುಳ್ಳು ಹೇಳಿ ಹೇಳಿ ಅವರಿಗೂ ಸಾಕಾಗಿತ್ತೇನೋ.

ಅತ್ತೆ ಕುರ್ಚಿ ಎಳೆದು ಕೂತರು. "ಜ್ವರ ಬಿಟ್ಟ ಮೇಲೆ ಬಾಯಿ ಹತ್ತಿ ತಿಂದ ಹಾಗಾಗಿತ್ತು. ಏನೂ ಗೊತ್ತಾಗ್ತಿರ್ಲಿಲ್ಲ. ನಾಲಿಗೆಗೆ ಒಂಚೂರು ತಾಗೋವರೆಗೂ ಹಾಕ್ದೆ. ಹಾಕಿ ನಿಮ್ಮ ಮುಖ ನೋಡ್ದೆ. ಸರಿಯಿದೆ ಅಂದ್ರಿ. ಹಾಗಾದ್ರೆ ನನ್ನ ನಾಲಿಗೆ ಸರಿಯಾಗೇ ಇದೆ, ಸುಮ್ಮನೆ ಅನುಮಾನ ಅಂದ್ಕೊಂಡೆ." ಇಷ್ಟು ಹೇಳಿ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಇವನು ನನ್ನ ಹೊಟ್ಟೇಲಿ ಹುಟ್ಟಿದವನು. ಇವನ ಮಾತು ನಾನು ನಂಬಿರ್ಲಿಲ್ಲ. ನೀನಾದ್ರೆ ಹೇಳ್ತಿದ್ದೆ, ನಿನ್ನ ಬಾಯಿ ಸುಮ್ನಿರೋದಲ್ಲ. ನೀನೂ ತಲೆ ಆಡಿಸ್ದೆಯಲ್ಲ, ಅದಕ್ಕೇ ನಂಬಿದ್ದು."

ಒಂದು ವರ್ಷದಿಂದ ನಾನು ನುಂಗಿಕೊಂಡ ಮಾತುಗಳಿಗೆಲ್ಲ ಆ ಹೆಂಗಸು ಕಾಯುತ್ತ ಕೂತಿದ್ದರು. ಎಲ್ಲರೆದುರು ಕತ್ತರಿ ಎಂದು ಹೊಗಳಿಸಿಕೊಂಡ ಬಾಯಿ, ಬೇಕಾದಾಗ ತೆರೆದಿರಲಿಲ್ಲ.

"ಎಷ್ಟು ದಿನದಿಂದ ತಿಂತಿದ್ದೀರಿ ಇದನ್ನ?" ಎಂದು ಅತ್ತೆ ಸೂಪಿನ ಪಾತ್ರೆ ನೋಡುತ್ತ ಕೇಳಿದರು. ಆಮೇಲೆ ಅವರ ಕಣ್ಣು ಕೆಳಗಿಳಿದು ಮಗನ ಊದಿದ ಪಾದದ ಮೇಲೆ ನಿಂತಿತು. ಡಾಕ್ಟರು ಹೇಳಿದ್ದೇನೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ. ಪಾತ್ರೆ ಎತ್ತಿಕೊಂಡು ಹೋಗಿ ಎಲ್ಲವನ್ನೂ ಬಚ್ಚಲಿಗೆ ಸುರಿದು, ಪಾತ್ರೆಯನ್ನು ತಿಕ್ಕಿ ಬೋರಲು ಹಾಕಿದರು. ಉಪ್ಪಿನ ಡಬ್ಬಿಯನ್ನು ತಂದು ನನ್ನ ತಟ್ಟೆಯ ಪಕ್ಕ ಇಟ್ಟು ತಮ್ಮ ಕೋಣೆಗೆ ಹೋದರು.

ಮರುದಿನ ಅಡುಗೆ ನಾನು ಮಾಡಿದೆ. ಅತ್ತೆ ಅಡುಗೆಮನೆಗೆ ಕಾಲಿಡಲಿಲ್ಲ. ಕಿಟಕಿಯ ಪಕ್ಕ ತೊಟ್ಟಿಯ ಎದುರು ಕೂತಿದ್ದರು. ತೊಟ್ಟಿಯಲ್ಲಿ ನೋಡಲು ಕಲ್ಲುಗಳ ಹೊರತು ಏನೂ ಇರಲಿಲ್ಲ. ನಮ್ಮವರು ಪೇಪರು ಬಿಡಿಸಿ ಕೂತಿದ್ದರು, ಹಾಳೆ ಮಗುಚುತ್ತಿರಲಿಲ್ಲ. ಆ ಒಲೆಯ ಮುಂದೆ ನಿಲ್ಲಲು ನನಗೆ ಒಂಥರಾ ಹೆದರಿಕೆ, ಯಾರದೋ ಕುರ್ಚಿಯಲ್ಲಿ ಕೂತ ಹಾಗೆ. ಕೈಗೆ ಸಿಕ್ಕಿದ್ದನ್ನು ಹೆಚ್ಚಿ ಬೇಯಿಸಿ ತಂದು ಬಡಿಸಿದೆ.

ಅತ್ತೆ ಮೊದಲ ಚಮಚ ಬಾಯಿಗಿಟ್ಟರು. ಕಣ್ಣು ಮುಚ್ಚಿ ಚಪ್ಪರಿಸಿದರು. ಇನ್ನೊಂದು ಚಮಚ, ಮತ್ತೊಂದು.

"ಹದವಾಗಿದೆ" ಅಂದರು. "ಉಪ್ಪು ಸರಿಯಾಗಿ ಬಿದ್ದಿದೆ. ಕೈ ಕುದುರಿದೆ ನಿಂದು."

ನಾನೂ ಒಂದು ಚಮಚ ಬಾಯಿಗಿಟ್ಟೆ. ಬಿಸಿನೀರು ಕುಡಿದ ಹಾಗಿತ್ತು. ಗಾಬರಿಯಲ್ಲಿ ಉಪ್ಪು ಹಾಕುವುದನ್ನೇ ಮರೆತಿದ್ದೆ.

ತಲೆ ಎತ್ತಿದರೆ ಮೇಜಿನಾಚೆಯಿಂದ ನಮ್ಮವರು ನನ್ನನ್ನೇ ನೋಡುತ್ತಿದ್ದರು. ಬೇಡ ಎಂದು ಆ ಹಳೆಯ ಸನ್ನೆ, ಕಣ್ಣಲ್ಲೇ. ನಾನು ಮುಖ ತಿರುಗಿಸಿದೆ.

"ಅತ್ತೆ, ಉಪ್ಪೇ ಹಾಕಿಲ್ಲ. ಮರೆತುಬಿಟ್ಟೆ."

ಅವರ ಚಮಚ ಅರ್ಧದಲ್ಲೇ ನಿಂತಿತು. ಅವರು ಅಳುತ್ತಾರೆಂದು ನನಗೆ ಭಯವಾಯಿತು, ಅಳಲಿಲ್ಲ.

"ಹೌದಾ" ಅಂದರು. ಬಟ್ಟಲನ್ನು ನನ್ನ ಕಡೆ ಸರಿಸಿದರು. "ಹಾಕು ಹಾಗಾದ್ರೆ."

ಡಬ್ಬಿ ತೆಗೆದು ಎರಡು ಬೆರಳಲ್ಲಿ ಚಿಟಿಕೆ ಹಿಡಿದೆ. ಅತ್ತೆ ನನ್ನ ಬೆರಳುಗಳನ್ನೇ ನೋಡುತ್ತಿದ್ದರು, ಎಷ್ಟು ಹಿಡಿದೆ, ಎಷ್ಟು ಬಿತ್ತು ಎಂದು. ನಾನು ಕಲಕಿ ಬಟ್ಟಲನ್ನು ಹಿಂದಕ್ಕೆ ಕೊಟ್ಟೆ. ಅವರು ಒಂದು ಚಮಚ ಕುಡಿದು, ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದರು.

"ಈಗ?" ಎಂದು ನನ್ನನ್ನೇ ಕೇಳಿದರು.

ನಾನು ಅವರ ಬಟ್ಟಲಿನಿಂದ ಒಂದು ಚಮಚ ತೆಗೆದು ರುಚಿ ನೋಡಿದೆ. "ಈಗ ಸರಿಯಿದೆ" ಅಂದೆ.

ಅತ್ತೆ ನನ್ನ ಮುಖ ನೋಡಿದರು, ಅವತ್ತಿನಂತೆಯೇ ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಬಗ್ಗಿಸಿ ಊಟ ಮಾಡತೊಡಗಿದರು.